ಸಂಶೋಧನೆಯಲ್ಲಿ ಸಾಬೀತಾದದ್ದನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ತರುವುದು ಹೇಗೆ?

ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ವೈದ್ಯಾಧಿಕಾರಿಗಳು, ಉಪಕೇಂದ್ರಗಳ ಸಮುದಾಯ ಆರೋಗ್ಯ ಅಧಿಕಾರಿಗಳಾದ ಸಿಎಚ್‌ಒಗಳು, ಆಸ್ಪತ್ರೆಯ ಆಗುಹೋಗು ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಪದೇ ಪದೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಇದು ಸಂಶೋಧನೆಯಲ್ಲಿ ಸಾಬೀತಾಗಿದೆ ಅಂತ ತರಬೇತಿಯಲ್ಲಿ ಹೇಳ್ತಾರೆ ಸಾರ್. ವಾಪಸ್ ಬಂದು ನಮ್ಮ ಆಸ್ಪತ್ರೇಲಿ ಕೂತ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ.” ಅವರಿಗಾಗಿ, ಅವರಂತೆಯೇ ಯೋಚಿಸುತ್ತಿರುವ ಎಲ್ಲರಿಗಾಗಿ ಈ ಲೇಖನ.

ನಮ್ಮಲ್ಲಿ ಸಂಶೋಧನೆಗೆ ಬರವಿಲ್ಲ. ಒಳ್ಳೆಯದೆಂದು ಗೊತ್ತಿರುವ ಕೆಲಸ ನಮ್ಮ ಊರಿನಲ್ಲಿ ಯಾಕೆ ಆಗುತ್ತಿಲ್ಲ ಎಂದು ಕೇಳುವುದನ್ನು ಬಿಟ್ಟು, ನೇರವಾಗಿ ಸುತ್ತೋಲೆ ಹೊರಡಿಸಿ, ಒಂದು ದಿನದ ತರಬೇತಿ ಮುಗಿಸಿ, ಗೋಡೆಗೆ ಪೋಸ್ಟರ್ ಅಂಟಿಸಿಬಿಡುತ್ತೇವೆ. ಕೆಳಗಿನ ಹಂತಗಳಲ್ಲಿ ಐದನೆಯದಕ್ಕೆ ಹೆಚ್ಚು ಹೊತ್ತು ಕೊಡಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಉದಾಹರಣೆ ಹಿಡಿದು ಹೋಗೋಣ: ಬಿ.ಪಿ. ಮಾತ್ರೆ ಶುರು ಮಾಡಿದವರು ನಡುವೆ ಬಿಟ್ಟುಬಿಡುವುದು. ಶಿಡ್ಲಘಟ್ಟ ತಾಲ್ಲೂಕಿನ ಯಾವುದೋ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದುಕೊಳ್ಳಿ.

ಮೊದಲು ಏನೇನು ಬೇಕು

ಮೂರು-ನಾಲ್ಕು ಜನರ ತಂಡ ಸಾಕು: ವೈದ್ಯಾಧಿಕಾರಿ, ಒಬ್ಬ ಸಿಎಚ್‌ಒ, ಒಬ್ಬ ಆಶಾ ಕಾರ್ಯಕರ್ತೆ, ಫಾರ್ಮಸಿಸ್ಟ್. ಫಾರ್ಮಸಿಸ್ಟರನ್ನು ಬಿಟ್ಟು ತಂಡ ಕಟ್ಟಬೇಡಿ, ಕಾರಣ ಆರನೇ ಹಂತದಲ್ಲಿ ಗೊತ್ತಾಗುತ್ತದೆ. ಎನ್‌ಸಿಡಿ ರಿಜಿಸ್ಟರ್, ಅಂದರೆ ಬಿ.ಪಿ., ಸಕ್ಕರೆ ಕಾಯಿಲೆಯಂಥ ಸಾಂಕ್ರಾಮಿಕವಲ್ಲದ ರೋಗಗಳ ದಾಖಲೆ, ಕೈಗೆ ಸಿಗುವಂತಿರಬೇಕು. ಇಂಟರ್‌ನೆಟ್ ಇರುವ ಮೊಬೈಲ್, ಇಂಗ್ಲಿಷ್ ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳಬಲ್ಲ ಒಬ್ಬರು, ವಾರಕ್ಕೊಂದು ಗಂಟೆ, ಆರು ತಿಂಗಳ ತಾಳ್ಮೆ. ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮೊದಲ ವಾರವೇ ಬಾಯಿಮಾತಿನಲ್ಲಿ ತಿಳಿಸಿಡಿ. ನಡುವೆ ಗೊತ್ತಾದರೆ “ಯಾರನ್ನು ಕೇಳಿ ಮಾಡಿದಿರಿ” ಎಂಬ ಪ್ರಶ್ನೆ ಬರುತ್ತದೆ, ಒಳ್ಳೆಯ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಂತ 1: ಪ್ರಶ್ನೆಯನ್ನು ರಿಜಿಸ್ಟರಿನಿಂದ ಹುಟ್ಟಿಸಿ

“ಬಿ.ಪಿ. ನಿಯಂತ್ರಣ ಸುಧಾರಿಸಬೇಕು” ಎನ್ನುವುದು ಆಸೆ ಮಾತ್ರ. ಅದನ್ನು ಪ್ರಶ್ನೆಯಾಗಿ ಬದಲಿಸಲು ಎಣಿಕೆ ಬೇಕು.

ಒಂದು ತ್ರೈಮಾಸಿಕದಲ್ಲಿ, ಉದಾಹರಣೆಗೆ ಏಪ್ರಿಲ್‌ನಿಂದ ಜೂನ್‌ವರೆಗೆ, ಹೊಸದಾಗಿ ಹೆಸರು ಬರೆಸಿದ ಎಲ್ಲ ಬಿ.ಪಿ. ರೋಗಿಗಳ ಪಟ್ಟಿ ಮಾಡಿ. ನಂತರದ ತ್ರೈಮಾಸಿಕದಲ್ಲಿ ಅವರು ಏನಾದರು ಎಂದು ಒಬ್ಬೊಬ್ಬರನ್ನೇ ಹುಡುಕಿ, ಮೂರು ಗುಂಪು ಮಾಡಿ: ಬಂದವರಲ್ಲಿ ಬಿ.ಪಿ. 140/90ಕ್ಕಿಂತ ಕೆಳಗಿರುವವರು, ಬಂದರೂ ಹತೋಟಿಗೆ ಸಿಗದವರು, ಬರುವುದನ್ನೇ ಬಿಟ್ಟವರು. 2017ರಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಉಪಕ್ರಮವೂ ಇದೇ ರೀತಿ ಎಣಿಸುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಲೆಕ್ಕ ಸುಲಭವಾಗಲೆಂದು 200 ಜನ ನೋಂದಾಯಿತರು ಎಂದಿಟ್ಟುಕೊಳ್ಳಿ. ಮತ್ತೆ ಬಂದವರು 80, ಅವರಲ್ಲಿ 60 ಜನರ ಬಿ.ಪಿ. ಹತೋಟಿಯಲ್ಲಿದೆ. ಬಂದವರನ್ನಷ್ಟೇ ಲೆಕ್ಕ ಹಿಡಿದರೆ ಶೇ 75, ಸಭೆಯಲ್ಲಿ ಬೆನ್ನು ತಟ್ಟಿಸಿಕೊಳ್ಳಬಹುದು. ನೋಂದಾಯಿತರೆಲ್ಲರನ್ನೂ ಲೆಕ್ಕ ಹಿಡಿದರೆ ಶೇ 30. ಎರಡನೆಯದೇ ನಿಜ. ಮೊದಲನೆಯದನ್ನು ನಂಬಿದರೆ “ಮಾತ್ರೆಯ ಡೋಸ್ ಹೆಚ್ಚಿಸೋಣವೇ” ಎಂಬ ಪ್ರಶ್ನೆಗೆ ಹೋಗುತ್ತೀರಿ. ಎರಡನೆಯದನ್ನು ನೋಡಿದಾಗ ಮಾತ್ರ “ಆ 120 ಜನ ಎಲ್ಲಿ” ಎಂಬ ಪ್ರಶ್ನೆ ಏಳುತ್ತದೆ.

ಈಗ ಪ್ರಶ್ನೆಗೆ ನಾಲ್ಕು ಕಾಲು ಕೊಡಿ. ಯಾರಿಗೆ, ಏನು ಮಾಡಿದರೆ, ಏನಕ್ಕೆ ಹೋಲಿಸಿದರೆ, ಯಾವ ಫಲ? ನಮ್ಮ ಉದಾಹರಣೆಯಲ್ಲಿ: ಹಳ್ಳಿಯ ಬಿ.ಪಿ. ರೋಗಿಗಳಿಗೆ, ಆರೋಗ್ಯ ಕಾರ್ಯಕರ್ತೆ ಮನೆಗೇ ಹೋಗಿ ಬಿ.ಪಿ. ನೋಡಿ ಮಾತಾಡಿಸಿದರೆ, ಅವರೇ ಆಸ್ಪತ್ರೆಗೆ ಬರಲಿ ಎಂದು ಕಾಯುವುದಕ್ಕೆ ಹೋಲಿಸಿದರೆ, ಹತೋಟಿಗೆ ಬರುವವರು ಹೆಚ್ಚುತ್ತಾರೆಯೇ? ಇಷ್ಟನ್ನು ಬಿಳಿ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಹುಡುಕಾಟ ದಾರಿ ತಪ್ಪಿದಾಗಲೆಲ್ಲ ಅದನ್ನು ನೋಡಿ.

ಹಂತ 2: ಮೇಲಿನಿಂದ ಕೆಳಗೆ ಹುಡುಕಿ

ಗೂಗಲ್‌ನಲ್ಲಿ ಮೊದಲು ಸಿಕ್ಕಿದ್ದನ್ನೋ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನೋ ಹಿಡಿದು ಹೊರಡಬೇಡಿ. ಈ ಕ್ರಮದಲ್ಲಿ ಹುಡುಕಿ.

ಮೊದಲು ನಮ್ಮದೇ ಸರ್ಕಾರದ ಮಾರ್ಗಸೂಚಿ, ಪ್ರೋಟೊಕಾಲ್. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, 2019ರಿಂದ ಪ್ರಕಟಿಸುತ್ತಿರುವ ಪ್ರಮಾಣಿತ ಚಿಕಿತ್ಸಾ ಕಾರ್ಯವಿಧಾನಗಳು ಒಂದೊಂದು ಕಾಯಿಲೆಗೆ ಒಂದು ಪುಟ, ಎರಡು ಪುಟದಷ್ಟಿವೆ. ಬಿಡುವಿಲ್ಲದ ಒಪಿಡಿಯಲ್ಲೂ ಓದಬಹುದು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಅವರ 2021ರ ರಕ್ತದೊತ್ತಡ ಮಾರ್ಗಸೂಚಿ ನಮ್ಮ ಪ್ರಶ್ನೆಗೆ ನೇರ ಉತ್ತರವನ್ನೇ ಕೊಡುತ್ತದೆ: ಚಿಕಿತ್ಸೆ ಶುರು ಮಾಡಿದ ಮೇಲೆ ಗುರಿ ಮುಟ್ಟುವವರೆಗೆ ತಿಂಗಳಿಗೊಮ್ಮೆ, ಹತೋಟಿಗೆ ಬಂದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ನೋಡಬೇಕು.

ಮೂರನೆಯದು ಕಾಕ್ರೇನ್ ಲೈಬ್ರರಿ. ಇದು 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆಯದು. ಒಂದು ಪ್ರಶ್ನೆಗೆ ಸಂಬಂಧಿಸಿದ ಅಧ್ಯಯನಗಳನ್ನೆಲ್ಲ ಹುಡುಕಿ, ಜರಡಿ ಹಿಡಿದು, ಒಟ್ಟು ತಾತ್ಪರ್ಯ ಹೇಳುವ ವ್ಯವಸ್ಥಿತ ಪರಾಮರ್ಶೆಗಳು ಅಲ್ಲಿವೆ. ಪ್ರತಿ ಪರಾಮರ್ಶೆಗೂ ಸರಳ ಭಾಷೆಯ ಸಾರಾಂಶವಿದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ಕೊನೆಗೆ ಪಬ್‌ಮೆಡ್, ಅಂದರೆ ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ. ಅದೂ ಉಚಿತ. ಆದರೆ ಅಲ್ಲಿ ಸಾಗರದಷ್ಟು ಲೇಖನಗಳಿರುವುದರಿಂದ ಎಡಬದಿಯ ಸೋಸುವ ಪಟ್ಟಿಯಲ್ಲಿ ವ್ಯವಸ್ಥಿತ ಪರಾಮರ್ಶೆ ಎಂಬುದಕ್ಕೆ ಗುರುತು ಹಾಕಿಕೊಂಡು ಹುಡುಕಿ.

ಪೂರ್ತಿ ಲೇಖನ ಸಿಗದಿದ್ದರೆ ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗಕ್ಕೆ ಫೋನ್ ಮಾಡಿ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಕಡೆ ಕಾಲೇಜುಗಳಿವೆ. ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಹಳ್ಳಿಯ ನಿಜವಾದ ಪ್ರಶ್ನೆ ಬೇಕಾಗಿರುತ್ತದೆ.

ಹಂತ 3: ಓದಿದ್ದನ್ನು ತೂಗಿ ನೋಡಿ

ಇದಕ್ಕೆ ಸಂಖ್ಯಾಶಾಸ್ತ್ರದ ಪಂಡಿತರಾಗಬೇಕಿಲ್ಲ. ಮೂರು ಪ್ರಶ್ನೆ ಕೇಳಿದರೆ ಸಾಕು.

ಒಂದು, ಹೋಲಿಕೆ ನ್ಯಾಯವಾಗಿತ್ತೇ? ಯಾರಿಗೆ ಹೊಸ ಚಿಕಿತ್ಸೆ, ಯಾರಿಗೆ ಹಳೆಯದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರೆ ಅದು ಯಾದೃಚ್ಛಿಕ ಪ್ರಯೋಗ. “ಮೊದಲು ಹೀಗಿತ್ತು, ನಾವು ಮಾಡಿದ ಮೇಲೆ ಹೀಗಾಯಿತು” ಎಂದಷ್ಟೇ ಹೇಳುವ ವರದಿಗೆ ಅಷ್ಟು ತೂಕ ಕೊಡಬೇಡಿ. ಕಾಲ ಕಳೆದಂತೆ ತಾನಾಗಿ ಆಗುವ ಬದಲಾವಣೆಯೂ ಅದರಲ್ಲಿ ಸೇರಿರುತ್ತದೆ.

ಎರಡು, ಲಾಭ ನಿಜಕ್ಕೂ ಎಷ್ಟು? ನಮ್ಮ ಬೆಳಗಾವಿಯ ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1,620 ಬಾಣಂತಿಯರು ಪಾಲ್ಗೊಂಡಿದ್ದರು. ಹೆರಿಗೆ ಮಾಡಿಸಿದವರು ಸಹಾಯಕ ದಾದಿಯರಾದ ಎಎನ್‌ಎಂ ಸಿಸ್ಟರ್‌ಗಳು. ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ಹೆಚ್ಚಿನ ರಕ್ತಸ್ರಾವ ಶೇ 12.0ರಿಂದ ಶೇ 6.4ಕ್ಕೆ ಇಳಿಯಿತು. “ರಕ್ತಸ್ರಾವ ಅರ್ಧದಷ್ಟು ಕಡಿಮೆ” ಎಂದರೂ ಸರಿ, “ನೂರರಲ್ಲಿ ಸುಮಾರು ಆರು ಜನಕ್ಕೆ ಉಪಯೋಗ” ಎಂದರೂ ಸರಿ. ಯೋಜನೆ ಮಾಡುವವರಿಗೆ ಬೇಕಾದದ್ದು ಎರಡನೆಯದು. 18 ಜನರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಎಂದರೆ ಎಷ್ಟು ಮಾತ್ರೆ ತರಿಸಬೇಕು, ಎಷ್ಟು ಜನರಿಗೆ ರಕ್ತಸ್ರಾವ ತಪ್ಪುತ್ತದೆ ಎಂಬ ಅಂದಾಜು ಕೈಗೆ ಸಿಗುತ್ತದೆ. ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಲು ಅನುಕೂಲವಿರುವ ಕಡೆ ಅದೇ ಮೊದಲ ಆಯ್ಕೆ, ಅದಿಲ್ಲದ ಕಡೆಗೆ ಈ ಮಾತ್ರೆ ಎಂಬುದನ್ನು ಮರೆಯಬೇಡಿ.

ಆ ಪ್ರಯೋಗದಲ್ಲಿ ರಕ್ತ ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಲಿಲ್ಲ. ಬಾಣಂತಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಸಂಗ್ರಹಿಸಿ ಅಳೆದರು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಿಂದ ಫಲಿತಾಂಶ ಬಂದ ಇ-ಮೋಟಿವ್ ಪ್ರಯೋಗದಲ್ಲೂ ಇಂಥದೇ ಚೀಲದಿಂದ ಅಳೆದು, ಕೂಡಲೇ ಒಂದಷ್ಟು ಚಿಕಿತ್ಸೆಗಳನ್ನು ಒಟ್ಟಿಗೆ ಶುರು ಮಾಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ಶೇ 60ರಷ್ಟು ಇಳಿದವು. ಹಳ್ಳಿಯ ಹೆರಿಗೆ ಕೋಣೆಯಿಂದ ಜಗತ್ತಿಗೆ ಹೋದ ಪಾಠಗಳೂ ಇವೆ ಎಂದು ನೆನಪಿಸುವುದಕ್ಕೆ ಇದನ್ನು ಹೇಳಿದೆ.

ಮೂರು, ಎಷ್ಟು ಖಚಿತ? ಒಳ್ಳೆಯ ಪರಾಮರ್ಶೆಗಳು ಸಾಕ್ಷ್ಯವನ್ನು ಹೆಚ್ಚು, ಮಧ್ಯಮ, ಕಡಿಮೆ, ಅತಿ ಕಡಿಮೆ ಖಚಿತತೆ ಎಂದು ನಾಲ್ಕು ದರ್ಜೆಗಳಲ್ಲಿ ಹೇಳುತ್ತವೆ. ಇದಕ್ಕೆ ಗ್ರೇಡ್ ಪದ್ಧತಿ ಎನ್ನುತ್ತಾರೆ. ಕೊನೆಯ ಎರಡು ದರ್ಜೆಗಳಲ್ಲಿದ್ದರೆ ಇಡೀ ತಾಲ್ಲೂಕಿಗೆ ಜಾರಿ ಮಾಡುವ ಮಾತಾಡಬೇಡಿ.

ಹಂತ 4: ಅಲ್ಲಿ ಫಲಿಸಿದ್ದು ಇಲ್ಲಿಯೂ ಫಲಿಸುತ್ತದೆಯೇ?

ಈ ಹಂತವನ್ನು ಹಾರಿದರೆ ಲಾಭ ಸಿಗುವುದಿಲ್ಲ ಅಷ್ಟೇ ಅಲ್ಲ, ಕೇಡೂ ಆಗಬಹುದು.

ಅವಧಿಗೆ ಮುಂಚೆ ಹುಟ್ಟುವ ಶಿಶುವಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ನ್ಯೂಜಿಲೆಂಡ್‌ನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು ಇದರ ಉಪಯೋಗ ತೋರಿಸಿದ್ದು 1972ರಲ್ಲಿ. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಇದು ಮತ್ತೆ ಮತ್ತೆ ಸಾಬೀತಾಯಿತು. ಹಾಗಾದರೆ ಬಡ ದೇಶಗಳ ಹಳ್ಳಿ ಹಳ್ಳಿಗೂ ಒಯ್ಯೋಣವೆಂದು ಆರು ದೇಶಗಳಲ್ಲಿ ದೊಡ್ಡ ಪ್ರಯೋಗ ನಡೆಯಿತು. ನಮ್ಮ ಬೆಳಗಾವಿ, ಮಹಾರಾಷ್ಟ್ರದ ನಾಗಪುರ ಅದರಲ್ಲಿದ್ದವು. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರಾ ಕಡಿಮೆ ತೂಕದ ಶಿಶುಗಳ ಸಾವು ಇಳಿಯಲಿಲ್ಲ. ಒಟ್ಟಾರೆ ನವಜಾತ ಶಿಶುಮರಣ ಸಾವಿರ ಜನನಕ್ಕೆ 23.9 ಇರುವ ಕಡೆ 27.4 ಆಯಿತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು.

ಔಷಧಿ ಅದೇ, ಆದರೆ ಸುತ್ತಲಿನ ಪರಿಸ್ಥಿತಿ ಬೇರೆ. ಹಳ್ಳಿಯಲ್ಲಿ ಗರ್ಭದ ವಾರಗಳ ಲೆಕ್ಕ ನಿಖರವಾಗಿರಲಿಲ್ಲ. ಚುಚ್ಚುಮದ್ದು ಪಡೆದ ಬಹುಪಾಲು ತಾಯಂದಿರ ಮಕ್ಕಳು ಅಷ್ಟು ಸಣ್ಣವರಾಗಿರಲಿಲ್ಲ. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳಲ್ಲಿ ಇದನ್ನೇ ಮತ್ತೆ ಪರೀಕ್ಷಿಸಿತು. ಈ ಸಲ ಆಸ್ಪತ್ರೆಗಳಲ್ಲೇ, ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು, ನವಜಾತ ಶಿಶುವಿನ ಆರೈಕೆಯ ಏರ್ಪಾಡು ಇರುವ ಕಡೆ ಮಾತ್ರ. 2020ರಲ್ಲಿ ಬಂದ ಫಲಿತಾಂಶದಲ್ಲಿ, ಅವಧಿಗೆ ಬಹಳ ಮುಂಚೆ ಹುಟ್ಟುವ ಅಪಾಯವಿದ್ದ ಈ ಶಿಶುಗಳಲ್ಲಿ ನವಜಾತ ಮರಣ ಶೇ 23.5ರಿಂದ ಶೇ 19.6ಕ್ಕೆ ಇಳಿದಿತ್ತು.

ನಿಮ್ಮ ಪ್ರಶ್ನೆಗೂ ಇದೇ ಪರೀಕ್ಷೆ ಹಚ್ಚಿ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ ಹಳ್ಳಿಗಳಲ್ಲಿ 2,645 ಬಿ.ಪಿ. ರೋಗಿಗಳ ಮೇಲೆ ನಡೆದ ಪ್ರಯೋಗ 2020ರಲ್ಲಿ ಪ್ರಕಟವಾಗಿದೆ. ಸರ್ಕಾರಿ ಆರೋಗ್ಯ ಕಾರ್ಯಕರ್ತೆಯರು ಮನೆಗೆ ಹೋಗಿ ಬಿ.ಪಿ. ನೋಡಿ, ಊಟ-ಉಪ್ಪು-ಮಾತ್ರೆ ಬಗ್ಗೆ ಮಾತಾಡಿಸಿ, ಅಗತ್ಯವಿದ್ದವರನ್ನು ತರಬೇತಾದ ವೈದ್ಯರ ಬಳಿಗೆ ಕಳಿಸಿದರು. ಎರಡು ವರ್ಷದ ಹೊತ್ತಿಗೆ ಅವರ ಮೇಲಿನ ಬಿ.ಪಿ. ಉಳಿದವರಿಗಿಂತ ಸರಾಸರಿ 5.2 ಪಾಯಿಂಟ್ ಹೆಚ್ಚು ಇಳಿದಿತ್ತು. ಆದರೆ ಪಕ್ಕದ ಆಂಧ್ರದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟು, 18 ಪಿಎಚ್‌ಸಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ಬಿ.ಪಿ. ಹತೋಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಒಟ್ಟಿಗಿಟ್ಟು ಓದಬೇಕು. ನನ್ನ ಅಭಿಪ್ರಾಯದಲ್ಲಿ, ಮನೆ ಬಾಗಿಲಿಗೆ ಹೋಗುವ ಕಾರ್ಯಕ್ರಮದ ಹಣೆಬರಹ ಬರೆಯುವುದು ಆ ಬಾಗಿಲಿನ ಹಿಂದಿನ ಸರಪಳಿ. ಕಳಿಸಿದ ರೋಗಿಗೆ ವೈದ್ಯರು ಸಿಗುತ್ತಾರೆಯೇ? ಮಾತ್ರೆ ಇದೆಯೇ?

2024ರಲ್ಲಿ ಮೊದಲು ಕೋಲಾರ ಜಿಲ್ಲೆಯಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯೂ ಮನೆ ಬಾಗಿಲಿಗೆ ಹೋಗಿ ಬಿ.ಪಿ., ಸಕ್ಕರೆ ಕಾಯಿಲೆ ಪತ್ತೆ ಮಾಡುವಂಥದೇ. ಹಾಗಾಗಿ ನೀವು ಹೊಸದೊಂದು ಯೋಜನೆ ಹುಟ್ಟುಹಾಕಬೇಕಿಲ್ಲ. ಇರುವುದಕ್ಕೇ ನಿಮ್ಮ ಕೆಲಸವನ್ನು ಜೋಡಿಸಿ.

ಹಂತ 5: ಯಾಕೆ ಆಗುತ್ತಿಲ್ಲ ಎಂದು ಕೇಳಿ

ಭೇದಿಯಾದ ಮಗುವಿಗೆ ಓಆರ್‌ಎಸ್ ಕೊಡಬೇಕೆಂದು ಗೊತ್ತಿಲ್ಲದ ವೈದ್ಯರಿಲ್ಲ. ಆದರೂ ಕೊಡುವುದು ಕಡಿಮೆ. ಯಾಕೆ? ಕರ್ನಾಟಕ ಮತ್ತು ಬಿಹಾರದ ಪಟ್ಟಣಗಳಲ್ಲಿ 2,000ಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಮಗುವಿಗೆ ಭೇದಿಯಾಗಿದೆ ಎಂದು ಹೇಳುವ ತರಬೇತಾದ ನಟರನ್ನು ಕಳಿಸಿ ಸಂಶೋಧಕರು ಇದನ್ನು ಬಿಡಿಸಿ ನೋಡಿದರು. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಬೇರೆ ಔಷಧಿ ಮಾರಿದರೆ ಹೆಚ್ಚು ದುಡ್ಡು ಎಂಬ ಕಾರಣದ ಪಾಲು ಸುಮಾರು ಶೇ 5. ಓಆರ್‌ಎಸ್ ದಾಸ್ತಾನು ಇಲ್ಲದಿರುವುದರ ಪಾಲು ಸುಮಾರು ಶೇ 6. “ಬಂದವರಿಗೆ ಓಆರ್‌ಎಸ್ ಇಷ್ಟವಿಲ್ಲ” ಎಂಬ ಚಿಕಿತ್ಸಕರ ತಪ್ಪು ಕಲ್ಪನೆಯ ಪಾಲು ಶೇ 42. ತಂದೆಯ ವೇಷದವರು ತಮಗೆ ಓಆರ್‌ಎಸ್ ಬೇಕೆಂಬ ಸೂಚನೆ ಕೊಟ್ಟಾಗ ಬರೆದುಕೊಡುವುದು 27 ಶೇಕಡಾ ಅಂಶ ಏರಿತು.

ಈ ಕಾರಣ ಗೊತ್ತಿಲ್ಲದೆ ಹೊರಟವರು ಏನು ಮಾಡುತ್ತಿದ್ದರು? ಪೊಟ್ಟಣಗಳನ್ನು ಹಂಚುತ್ತಿದ್ದರು, ವೈದ್ಯರಿಗೆ ಓಆರ್‌ಎಸ್ ಬಗ್ಗೆ ಮತ್ತೊಂದು ಉಪನ್ಯಾಸ ಕೊಡುತ್ತಿದ್ದರು. ಎರಡೂ ಒಳ್ಳೆಯದೇ, ಆದರೆ ಗಾಯ ಇರುವುದು ಅಲ್ಲಲ್ಲ.

ನಿಮ್ಮ ಪಟ್ಟಿಯಲ್ಲಿ ಬರುವುದನ್ನು ಬಿಟ್ಟವರು ಇದ್ದಾರಲ್ಲ, ಅವರಲ್ಲಿ ಹತ್ತು-ಹದಿನೈದು ಜನರ ಮನೆಗೆ ಹೋಗಿ. ಗಂಡಸರು, ಹೆಂಗಸರು, ಹತ್ತಿರದ ಊರು, ದೂರದ ಊರು ಎಲ್ಲ ಸೇರಿರಲಿ. “ಮಾತ್ರೆ ಯಾಕೆ ಬಿಟ್ರಿ?” ಎಂದು ಕೇಳಬೇಡಿ, ಅದು ಗದರಿದಂತಾಗುತ್ತದೆ. “ಕೊನೇ ಸಲ ಮಾತ್ರೆ ತಗೊಂಡಿದ್ದು ಯಾವಾಗಮ್ಮ? ಆವತ್ತು ಏನೇನಾಯ್ತು, ಹೇಳಿ” ಎಂದು ಕೇಳಿ, ಸುಮ್ಮನೆ ಬರೆದುಕೊಳ್ಳಿ. ಬಾಗೇಪಲ್ಲಿ, ಗುಡಿಬಂಡೆ ಕಡೆಯಾದರೆ ತೆಲುಗಿನಲ್ಲಿ ಮಾತಾಡುವವರನ್ನು ಕರೆದೊಯ್ಯಿರಿ. ಮನೆಮಾತಿನಲ್ಲಿ ಕೇಳಿದಾಗ ಬರುವ ಉತ್ತರವೇ ಬೇರೆ.

ಶಿಡ್ಲಘಟ್ಟದ ರೇಷ್ಮೆ ಸಾಕುವ ಮನೆಗೆ ಹೋಗಿ ನೋಡಿ. ಹುಳ ನಾಲ್ಕನೇ ಜ್ವರ (ಕೊನೆಯ ಸಲ ಪೊರೆ ಬಿಡುವ ಹೊತ್ತು) ಮುಗಿಸಿ ಎದ್ದ ಮೇಲೆ ಸುಮಾರು ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕುವುದೇ ಕೆಲಸ. ಹಣ್ಣಾದ ಹುಳುವನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವವರೆಗೆ ಮನೆಯವರು ಅತ್ತಿತ್ತ ಅಲುಗಾಡುವಂತಿಲ್ಲ. ಪಿಎಚ್‌ಸಿಯ ಎನ್‌ಸಿಡಿ ದಿನ ಆ ವಾರವೇ ಬಿದ್ದರೆ ಆ ಮನೆಯ ಬಿ.ಪಿ. ರೋಗಿ ಬರುವುದಿಲ್ಲ. ಮಾತ್ರೆ ಮುಗಿಯುತ್ತದೆ. ತಲೆಸುತ್ತೂ ಇಲ್ಲ, ನೋವೂ ಇಲ್ಲ. ಮುಂದಿನ ತಿಂಗಳು “ಬಿಟ್ಟೂ ಏನೂ ಆಗ್ಲಿಲ್ವಲ್ಲ” ಎಂದುಕೊಳ್ಳುತ್ತಾರೆ. ರಿಜಿಸ್ಟರಿನಲ್ಲಿ ಇದು ಚಿಕಿತ್ಸೆ ಬಿಟ್ಟವರು ಎಂದಷ್ಟೇ ದಾಖಲಾಗುತ್ತದೆ. ಅಲ್ಲಿ ಅರಿವಿನ ಕೊರತೆಯಿಲ್ಲ, ಹುಳುವಿನ ಲೆಕ್ಕಕ್ಕೂ ಆಸ್ಪತ್ರೆಯ ಕ್ಯಾಲೆಂಡರಿಗೂ ಹೊಂದಾಣಿಕೆಯಿಲ್ಲ.

ಹೀಗೆ ಸಿಕ್ಕ ಕಾರಣಗಳನ್ನು ವಿಂಗಡಿಸಿ. ರೋಗಿಯ ಕಡೆಯವು, ಸಿಬ್ಬಂದಿಯ ಕಡೆಯವು, ವ್ಯವಸ್ಥೆಯವು. ಸಿಬ್ಬಂದಿಯನ್ನೂ ಪ್ರತ್ಯೇಕವಾಗಿ, ಮೇಲಧಿಕಾರಿಗಳು ಇಲ್ಲದಾಗ ಕೇಳಬೇಕು. ಎಲ್ಲವನ್ನೂ ರೋಗಿಯ ಅಜ್ಞಾನದ ತಲೆಗೆ ಕಟ್ಟುವ ಚಟದಿಂದ ದಯವಿಟ್ಟು ದೂರ ಇರಿ.

ಹಂತ 6: ಕಾರಣಕ್ಕೆ ತಕ್ಕ ಮದ್ದು

ಕ್ಯಾಲೆಂಡರ್ ಹೊಂದದಿದ್ದರೆ ಭೇಟಿಯ ದಿನ ಬದಲಿಸಿ, ಅಥವಾ ಹತೋಟಿಯಲ್ಲಿರುವವರಿಗೆ ಉಪಕೇಂದ್ರದಲ್ಲೇ ಸಿಎಚ್‌ಒ ಮೂಲಕ ಮಾತ್ರೆ ಸಿಗುವಂತೆ ಮಾಡಿ. “ಏನೂ ಆಗಲಿಲ್ಲವಲ್ಲ” ಎಂಬ ನಂಬಿಕೆ ಇದ್ದರೆ ಮನೆಯಲ್ಲೇ ಬಿ.ಪಿ. ಅಳೆದು, ಸಂಖ್ಯೆಯನ್ನು ಅವರ ಚೀಟಿಯಲ್ಲೇ ಬರೆದು ತೋರಿಸುವುದು ಭಾಷಣಕ್ಕಿಂತ ಮೇಲು.

ಮಾತ್ರೆಯ ದಾಸ್ತಾನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಂಡೆಂಟ್, ಅಂದರೆ ಔಷಧಿಗೆ ಹಾಕುವ ಬೇಡಿಕೆಯನ್ನು, ಸಾಮಾನ್ಯವಾಗಿ ಕಳೆದ ತಿಂಗಳು ಖರ್ಚಾದದ್ದರ ಮೇಲೆ ಲೆಕ್ಕ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ 80 ಜನ ಬಂದರು. ದಿನಕ್ಕೊಂದರಂತೆ 2,400 ಮಾತ್ರೆ ಖರ್ಚು. ಮತ್ತೆ 2,400 ತರಿಸಿದಿರಿ. ಈ ಮಧ್ಯೆ ಆಶಾ ಕಾರ್ಯಕರ್ತೆಯರು ಶ್ರಮಪಟ್ಟು 200 ಜನರನ್ನೂ ವಾಪಸ್ ಕರೆತಂದರು ಎನ್ನಿ. ತಿಂಗಳ ದಾಸ್ತಾನು 12 ದಿನಕ್ಕೆ ಖಾಲಿ. ಹದಿಮೂರನೇ ದಿನ ಬಂದವರಿಗೆ “ಹೊರಗಡೆ ತಗೊಳ್ಳಿ” ಎನ್ನಬೇಕಾಗುತ್ತದೆ, ಅವರು ಇನ್ನೊಮ್ಮೆ ಬರುವುದಿಲ್ಲ, ಆಶಾ ಮಾತಿಗೂ ಬೆಲೆ ಹೋಗುತ್ತದೆ. ಆದ್ದರಿಂದ ಇಂಡೆಂಟ್ ಖರ್ಚಿನ ಮೇಲಲ್ಲ, ನೋಂದಾಯಿತರ ಮೇಲೆ ಹಾಕಿ: 200 ಜನ, 30 ದಿನ, 6,000 ಮಾತ್ರೆ, ಜೊತೆಗೆ ತಡವಾದರೆ ಸುಧಾರಿಸಲು ಹೆಚ್ಚುವರಿ. ಫಾರ್ಮಸಿಸ್ಟ್ ಮೊದಲ ದಿನದಿಂದ ತಂಡದಲ್ಲಿರಬೇಕೆಂದು ಹೇಳಿದ್ದು ಇದಕ್ಕೇ.

ತರಬೇತಿ ಬೇಡವೇ? ಬೇಕು, ಗೊತ್ತಿಲ್ಲದಿರುವುದೇ ಕಾರಣವಾಗಿದ್ದಾಗ. 2009ರ ನಂತರದ ವರ್ಷಗಳಲ್ಲಿ ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ಯೋಜನೆ ಮತ್ತು ಮೇಲ್ವಿಚಾರಣೆಯ ಬಗ್ಗೆ ದೀರ್ಘಕಾಲದ ಸಾಮರ್ಥ್ಯವರ್ಧನೆ ನಡೆಯಿತು. ಅದನ್ನು ಅಧ್ಯಯನ ಮಾಡಿದವರು ಕಂಡದ್ದು, ಒಂದೇ ತರಬೇತಿಯ ಫಲ ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಕಲಿತವರಿಗೆ ತಮ್ಮ ಮೇಲೆ ನಂಬಿಕೆ, ಸಂಸ್ಥೆಯ ಬಗ್ಗೆ ಬದ್ಧತೆ, ಕಲಿತದ್ದನ್ನು ಮಾಡಲು ಮೇಲಿನಿಂದ ಅವಕಾಶ ಇವು ಕೂಡಿಬಂದ ಕಡೆ ಬದಲಾವಣೆ ಕಂಡಿತು.

ಇನ್ನೊಂದು. ಹೊಸದು ಸೇರಿಸುವಾಗ ಹಳೆಯದೊಂದನ್ನು ಕೈಬಿಡಿ. ಒಂದೇ ಮಾಹಿತಿಯನ್ನು ಮೂರು ಕಡೆ ಬರೆಯುವುದು, ಅಗತ್ಯವಿಲ್ಲದ ಆ್ಯಂಟಿಬಯಾಟಿಕ್, ಕೇಳಿದ್ದಕ್ಕೆಂದು ಹಾಕುವ ಇಂಜೆಕ್ಷನ್, ಇವು ತಿನ್ನುವ ಹೊತ್ತು ಸಣ್ಣದಲ್ಲ. ಆಶಾ ಕಾರ್ಯಕರ್ತೆಯ ಹೆಗಲ ಮೇಲೆ ಇನ್ನೊಂದು ಹೊರೆ ಇಡುವ ಮೊದಲು ಯಾವುದನ್ನು ಇಳಿಸುತ್ತೀರಿ ಎಂದು ಅವರೆದುರೇ ಹೇಳಿ.

ಹಂತ 7: ಒಪ್ಪಿಗೆ ಮತ್ತು ಹಣ

ಒಂದೇ ಪುಟದ ಟಿಪ್ಪಣಿ ಬರೆಯಿರಿ, ಕನ್ನಡದಲ್ಲಿ. ಮೊದಲ ಸಾಲಿನಲ್ಲೇ ನಿಮ್ಮ ಎಣಿಕೆ ಇರಲಿ. ಆಮೇಲೆ ಸಂಶೋಧನೆ ಏನು ಹೇಳುತ್ತದೆ ಎಂಬುದು ಎರಡು ಸಾಲು, ಇಲ್ಲಿ ಸಿಕ್ಕ ಕಾರಣಗಳು ಮೂರು ಸಾಲು, ಏನು ಮಾಡುತ್ತೀರಿ, ಎಷ್ಟು ಖರ್ಚು, ಯಾವ ತಿಂಗಳು ಫಲಿತಾಂಶ ತೋರಿಸುತ್ತೀರಿ. ಅಧಿಕಾರಿಗಳಿಗೆ ಓದುವ ಮನಸ್ಸಿರುತ್ತದೆ, ಹೊತ್ತಿರುವುದಿಲ್ಲ. ಹೆಚ್ಚು ಕೇಳಿದರೆ ಕೊಡಲು ಮೂರು ಪುಟದ ವಿವರ ಚೀಲದಲ್ಲಿರಲಿ.

ಸಣ್ಣ ಖರ್ಚು, ಅಂದರೆ ಬಿ.ಪಿ. ಯಂತ್ರ, ಚೀಟಿ ಮುದ್ರಣ, ಇವನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿಟ್ಟು ನಡಾವಳಿಯಲ್ಲಿ ಬರೆಸಿ. ದೊಡ್ಡದಾದರೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕಳಿಸಿ, ಪಿಐಪಿ ತಯಾರಾಗುವ ಮೊದಲೇ. ಪಿಐಪಿ ಎಂದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣಕ್ಕಾಗಿ ಜಿಲ್ಲೆಯಿಂದ ಹೋಗುವ ಕಾರ್ಯಯೋಜನೆ. ಅದು ಹೋದ ಮೇಲೆ ಎಷ್ಟು ಒಳ್ಳೆಯ ಟಿಪ್ಪಣಿಯೂ ಮುಂದಿನ ಸಲಕ್ಕೆ ಕಾಯಬೇಕು.

ಎರಡು ಎಚ್ಚರಿಕೆ. ಸರ್ಕಾರದ ಪ್ರೋಟೊಕಾಲ್‌ನಲ್ಲಿ ಇಲ್ಲದ ಔಷಧಿಯನ್ನೋ ಡೋಸನ್ನೋ ನೀವೇ ಬದಲಿಸಲು ಹೋಗಬೇಡಿ. ಇಲ್ಲಿ ಹೇಳುತ್ತಿರುವುದೆಲ್ಲ ಒಪ್ಪಿತವಾದ ಚಿಕಿತ್ಸೆಯನ್ನು ಜನರಿಗೆ ಮುಟ್ಟಿಸುವ ದಾರಿಯ ಬಗ್ಗೆ. ಇನ್ನು, ಫಲಿತಾಂಶವನ್ನು ಪತ್ರಿಕೆಯಲ್ಲಿ ಸಂಶೋಧನೆಯೆಂದು ಪ್ರಕಟಿಸುವ ಯೋಚನೆಯಿದ್ದರೆ ಶುರು ಮಾಡುವ ಮೊದಲೇ ನೈತಿಕ ಸಮಿತಿಯ ಅನುಮತಿ ಬೇಕು. ರೋಗಿಗಳ ಹೆಸರಿರುವ ಪಟ್ಟಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಕೂಡದು.

ಹಂತ 8: ಒಂದು ಉಪಕೇಂದ್ರದಲ್ಲಿ ಮಾಡಿ ನೋಡಿ

ಇಡೀ ಪಿಎಚ್‌ಸಿಗೆ ಒಟ್ಟಿಗೆ ಜಾರಿ ಮಾಡಬೇಡಿ. ಮನಸ್ಸಿರುವ ಒಬ್ಬ ಸಿಎಚ್‌ಒ ಇರುವ ಉಪಕೇಂದ್ರ ಆರಿಸಿಕೊಳ್ಳಿ. ಯೋಜಿಸು, ಮಾಡು, ನೋಡು, ತಿದ್ದು ಎಂಬ ನಾಲ್ಕು ಹೆಜ್ಜೆಯನ್ನು ಎರಡು-ಮೂರು ವಾರಕ್ಕೊಂದು ಸುತ್ತಿನಂತೆ ಹಾಕಿ.

ಅಳತೆ ಮೂರೇ ಇರಲಿ: ಈ ವಾರ ಬರಬೇಕಿದ್ದವರಲ್ಲಿ ಬಂದವರೆಷ್ಟು, ಅವರಲ್ಲಿ ಬಿ.ಪಿ. ಹತೋಟಿಯಲ್ಲಿರುವವರೆಷ್ಟು, ಮಾತ್ರೆ ಇಲ್ಲದ ದಿನಗಳೆಷ್ಟು. ಇದರಿಂದ ಬೇರೆ ಕೆಲಸಕ್ಕೆ ತೊಂದರೆಯಾಯಿತೇ ಎಂಬುದನ್ನೂ ನೋಡಿ, ಉದಾಹರಣೆಗೆ ಆಶಾ ಕಾರ್ಯಕರ್ತೆ ಗರ್ಭಿಣಿಯರ ಮನೆ ಭೇಟಿ ಕಡಿಮೆ ಮಾಡಿದರೇ? ವಾರವಾರದ ಅಂಕಿಯನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕೆಯಾಗಿ ಇಟ್ಟು ಗೆರೆ ಎಳೆಯಿರಿ. ಹಳೆಯ ಅಂಕಿಗಳ ನಡುವಣ ಮೌಲ್ಯದಲ್ಲಿ, ಅಂದರೆ ಅರ್ಧ ಅಂಕಿ ಮೇಲೆ, ಅರ್ಧ ಕೆಳಗೆ ಬರುವಂತೆ, ಇನ್ನೊಂದು ಅಡ್ಡಗೆರೆ ಇರಲಿ. ಒಂದು ವಾರ ಏರಿದ್ದಕ್ಕೆ ಹಿಗ್ಗಬೇಡಿ, ಒಂದು ವಾರ ಇಳಿದದ್ದಕ್ಕೆ ಕುಗ್ಗಬೇಡಿ. ಸಾಲಾಗಿ ಆರು ಚುಕ್ಕೆ ಅಡ್ಡಗೆರೆಗಿಂತ ಮೇಲೆ ಬಂದರೆ ನಿಜವಾದ ಬದಲಾವಣೆ ಎನ್ನಬಹುದು. ಈ ಹಾಳೆ ಸಿಬ್ಬಂದಿಯೆಲ್ಲ ನೋಡುವ ಗೋಡೆಯ ಮೇಲಿರಲಿ, ಬೀರುವಿನಲ್ಲಲ್ಲ.

ಅಂಕಿ ಚೆನ್ನಾಗಿ ಕಾಣಲೆಂದು ಬಿ.ಪಿ.ಯನ್ನು 138 ಎಂದು ಬರೆದುಬಿಡುವ ಒತ್ತಡ ಯಾರ ಮೇಲೂ ಬೀಳಬಾರದು. ಅಂಕಿ ಕೆಟ್ಟಾಗ ಬೈಯುವ ತಂಡದಲ್ಲಿ ನಿಜವಾದ ಅಂಕಿ ಸಿಗುವುದಿಲ್ಲ.

ಹಂತ 9: ಹರಡಬೇಕೋ ಬಿಡಬೇಕೋ

ಆರು ತಿಂಗಳಾದ ಮೇಲೆ ಒಂದನೇ ಹಂತದ ಎಣಿಕೆಯನ್ನು ಅದೇ ರೀತಿಯಲ್ಲಿ ಮತ್ತೆ ಮಾಡಿ. ಸುಧಾರಿಸಿದ್ದರೆ ಮುಂದಿನ ಉಪಕೇಂದ್ರಕ್ಕೆ ಒಯ್ಯಿರಿ, ಆದರೆ ಅಲ್ಲಿ ಐದನೇ ಹಂತವನ್ನು ಹೊಸದಾಗಿಯೇ ಮಾಡಬೇಕು. ಟೊಮೆಟೊ ಬೆಳೆಯುವ ಊರಿನ ಕಾರಣ ರೇಷ್ಮೆಯ ಊರಿನ ಕಾರಣವಾಗಿರಬೇಕೆಂದಿಲ್ಲ. ಸುಧಾರಿಸದಿದ್ದರೆ ಅದನ್ನೂ ಒಂದು ಪುಟದಲ್ಲಿ ಬರೆದು ತಾಲ್ಲೂಕು ಸಭೆಯಲ್ಲಿ ಹೇಳಿ. ಪಕ್ಕದ ಪಿಎಚ್‌ಸಿಯವರು ಅದೇ ದಾರಿಯಲ್ಲಿ ಇನ್ನಾರು ತಿಂಗಳು ಕಳೆಯುವುದು ತಪ್ಪುತ್ತದೆ.

ಸಾರ್ವತ್ರಿಕ ವರ್ಗಾವಣೆಯ ಕಾಲಕ್ಕೆ ಮೊದಲೇ ತಯಾರಾಗಿರಿ. ಹುಮ್ಮಸ್ಸಿನ ವೈದ್ಯಾಧಿಕಾರಿ ಬೇರೆಡೆಗೆ ಹೋದೊಡನೆ ನಿಂತುಹೋದ ಕೆಲಸಗಳು ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಇಂಡೆಂಟ್ ಹಾಕುವ ಹೊಸ ಲೆಕ್ಕ, ಭೇಟಿಯ ದಿನಗಳು, ಬಿಟ್ಟವರನ್ನು ಹುಡುಕುವ ಹೊಣೆ ಯಾರದು ಎಂಬುದನ್ನು ಎನ್‌ಸಿಡಿ ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದು, ಎಲ್ಲರೂ ಸಹಿ ಹಾಕಿ. ನೀವು ಆಧಾರವಾಗಿಟ್ಟುಕೊಂಡ ಮಾರ್ಗಸೂಚಿಯ ಹೆಸರು, ಅದು ಪ್ರಕಟವಾದ ವರ್ಷವನ್ನೂ ಅಲ್ಲೇ ಬರೆಯಿರಿ. ಮುಂದೆ ಬರುವವರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡಿ, ಬಂದಿದ್ದರೆ ಎರಡನೇ ಹಂತದಿಂದ ಮತ್ತೆ ಶುರು ಮಾಡಲಿ.